ಮುಕ್ಕಾಮು ಎಲ್ಲಿ?

ಬೆಂಗಳೂರಿನ ಸೋದರಿಯೊಬ್ಬರು ಕೇಳಿರುವ ಪ್ರಶ್ನೆ ಅವರೊಬ್ಬರದೇ ಅಲ್ಲವಾದುದರಿಂದ ಈ ವಾರದ ಅಂಕಣವನ್ನೆಲ್ಲ ಅದಕ್ಕೇ ಮೀಸಲಿಡುತ್ತಿದ್ದೇನೆ. ಅವರ ಪತಿಯ ಕಡೆಯ ಮೂರು ಸಂಸಾರಗಳು, ಮಕ್ಕಳು ಮುದುಕರೆಲ್ಲ ಸೇರಿ ಹದಿನಾಲ್ಕು ಮಂದಿ, ಸಂಕ್ರಾಂತಿ ಕಳೆದ ಮೇಲೆ ಧಾರವಾಡದ ಸೀಮೆಗೆ ಐದು ದಿನಗಳ ಪ್ರವಾಸ ಹೊರಡುವುದೆಂದು ನಿಶ್ಚಯವಾಗಿದೆ. ಕಾರ್ಯಕ್ರಮ ಸಿದ್ಧಪಡಿಸಿದವರು ಮೈದುನ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ, ವಿಜಯಪುರ, ಗದಗ, ಲಕ್ಕುಂಡಿ, ಡಂಬಳ ಎಂದು ಪಟ್ಟಿ ಬೆಳೆದಿದೆ, ರಾತ್ರಿಗೊಂದು ಊರು. ಪಟ್ಟಿಯ ಕಟ್ಟಕಡೆಗೆ, ಹಿಂತಿರುಗುವ ದಿನದ ಮುಂದೆ, ‘ಸಮಯವಿದ್ದರೆ ಯಮನೂರು’ ಎಂಬ ಎರಡು ಶಬ್ದಗಳಿವೆ.

ಈ ಪ್ರವಾಸದ ಮಾತು ಎದ್ದುದೇ ಯಮನೂರಿನಿಂದ. ಸೋದರಿಯ ಅತ್ತೆಯವರಿಗೆ ಈಗ ಎಪ್ಪತ್ತಾರು. ಹಿರಿಯ ಮಗನಿಗೆ ಎಳೆತನದಲ್ಲಿ ಮೈಮೇಲೆಲ್ಲ ಹುಣ್ಣೆದ್ದಾಗ ಯಮನೂರಿಗೆ ಬಂದು ಸಕ್ಕರೆ ಓದಿಸುವೆನೆಂದು ಹರಕೆ ಹೊತ್ತಿದ್ದರು. ಮಗನಿಗೆ ವಾಸಿಯಾಯಿತು, ಸಂಸಾರ ಬೆಂಗಳೂರಿಗೆ ಬಂದಿತು, ಹರಕೆ ಹಾಗೆಯೇ ಉಳಿಯಿತು. ಆ ಮಗನೇ ಈಗ ನಿವೃತ್ತನಾಗಿದ್ದಾನೆ. ಪತ್ರದ ಕೊನೆಯಲ್ಲಿ ಸೋದರಿ ತಮ್ಮ ಪಾಲಿನದನ್ನೂ ಒಂದು ಮಾತಿನಲ್ಲಿ ಹೇಳಿಕೊಂಡಿದ್ದಾರೆ: ಈ ಪ್ರವಾಸದಿಂದ ತಮಗೆ ಒಲೆ ಬದಲಾದೀತೇ ಹೊರತು ಕೆಲಸ ಬದಲಾಗದು. ಎಲ್ಲಿ ಇಳಿದುಕೊಂಡರೆ ಹಿತವೆಂದು ಕೇಳಿದ್ದಾರೆ.

ಮೊದಲು ಆ ‘ಸಮಯವಿದ್ದರೆ’ ಎಂಬುದನ್ನು ಹೊಡೆದುಹಾಕತಕ್ಕದ್ದು. ಎಪ್ಪತ್ತಾರರ ತಾಯಿಯ ಹರಕೆಯನ್ನು ಐದನೆಯ ದಿನದ ಸಂಜೆಗೆ ತಳ್ಳುವುದೆಂದರೆ ಅದು ನಡೆಯದಿರಲೆಂದು ಏರ್ಪಾಡು ಮಾಡಿದಂತೆಯೇ ಸರಿ. ಎರಡನೆಯದಾಗಿ, ರಾತ್ರಿಗೊಂದು ಊರೆಂಬುದನ್ನು ಬಿಟ್ಟು ಎಲ್ಲ ರಾತ್ರಿಗಳಿಗೂ ಒಂದೇ ಊರನ್ನು ಹಿಡಿಯಬೇಕು. ಆ ಸೀಮೆಯಲ್ಲಿ ಬಂದ ನೆಂಟನನ್ನು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, “ಮುಕ್ಕಾಮು ಎಲ್ಲಿರೀ?” ಎಂಬುದು. ಏನೇನು ನೋಡಿದಿರಿ ಎಂಬುದು ಆಮೇಲಿನ ಮಾತು. ನಮ್ಮ ಪಟ್ಟಣವಾಸಿಗಳ ಪ್ರವಾಸದ ಪಟ್ಟಿಗಳು ಈ ಕ್ರಮವನ್ನು ತಲೆಕೆಳಗು ಮಾಡಿವೆ.

ಒಂದೇ ಮುಕ್ಕಾಮಿನಿಂದ ಗಂಟುಮೂಟೆ ಕಟ್ಟುವ ಕಷ್ಟ ತಪ್ಪುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ಲಾಭವೊಂದುಂಟು. ದಿನಕ್ಕೊಂದು ಊರು ಬದಲಿಸುವ ತಂಡದಲ್ಲಿ ಎಲ್ಲರೂ ಎಲ್ಲೆಡೆಗೂ ಹೋಗಲೇಬೇಕು. ಮಂಡಿನೋವಿನ ಅಜ್ಜಿ ಗುಹೆಯ ಮೆಟ್ಟಿಲ ಬುಡದಲ್ಲಿ ಬಿಸಿಲಿಗೆ ಕುಳಿತಿರಬೇಕು, ಜ್ವರ ಬಂದ ಮಗು ವಾಹನದಲ್ಲಿ ಮಲಗಿರಬೇಕು, ಆ ಮಗುವಿನ ತಾಯಿ ಏನನ್ನೂ ನೋಡದೆ ಊರಿಗೆ ಮರಳಬೇಕು. ಮುಕ್ಕಾಮು ಒಂದೇ ಆದರೆ ತಂಡ ಬೆಳಿಗ್ಗೆ ಒಡೆದು ಸಂಜೆಗೆ ಕೂಡಿಕೊಳ್ಳಬಹುದು. ಹೋಗುವವರು ಹೋಗಲಿ, ಒಲ್ಲದವರು ಉಳಿಯಲಿ. ರಾತ್ರಿಯ ಊಟಕ್ಕೆ ಹೇಳಲು ಪ್ರತಿಯೊಬ್ಬರ ಹತ್ತಿರವೂ ಒಂದು ಸುದ್ದಿ ಇರುತ್ತದೆ.

ಇದು ಯಾವ ನಾಡಿನಲ್ಲಾದರೂ ನಿಜ. ಸ್ಪೇನ್ ದೇಶದ ದಕ್ಷಿಣದ ಆಂದಲೂಸಿಯಕ್ಕೆ ಮನೆಮಂದಿಯೊಡನೆ ಹೋಗುವವರ ಮುಂದೆಯೂ ಇದೇ ಪ್ರಶ್ನೆ ಬರುತ್ತದೆ. ಅಲ್ಲಿ ಗ್ರಾನಾಡ, ಕೋರ್ದೊಬ, ಸೆವಿಲ್ಯ, ಮಾಲಗ ಎಂಬ ನಾಲ್ಕು ಹೆಸರಾಂತ ಪಟ್ಟಣಗಳು. ನಾಲ್ಕರ ನಡುವೆ ಆಂತೆಕೇರ ಎಂಬ ಚಿಕ್ಕ ಊರು. ಮಾಲಗ ಅಲ್ಲಿಂದ ಸುಮಾರು 50 ಕಿಲೋಮೀಟರು, ಗ್ರಾನಾಡ ಸುಮಾರು 100. ರೈಲಿದೆ, ಕೋಟೆಯಿದೆ, ಸಾವಿರಾರು ವರ್ಷ ಹಿಂದಿನ ಕಲ್ಗೋರಿಗಳಿವೆ. ಅಲ್ಲಿ ಬಿಡಾರ ಹೂಡಿ ದಿನಕ್ಕೊಂದು ದಿಕ್ಕಿಗೆ ಹೋಗಿ ಬರುವುದು ಸುಲಭ. ನಮ್ಮ ಸೋದರಿಗೆ ಬೇಕಾದುದು ಧಾರವಾಡ ಸೀಮೆಯ ಆಂತೆಕೇರ. ಉಚ್ಚಾರಕ್ಕೂ ಹತ್ತಿರವಾದ ಊರೊಂದು ಅಲ್ಲಿದ್ದೇ ಇದೆ: ಅಣ್ಣಿಗೇರಿ.

ಮಿಕ್ಕ ಊರುಗಳನ್ನು ಏಕೆ ಬಿಟ್ಟಿರೆಂದು ಮೈದುನರು ಕೇಳುವರು. ಹುಬ್ಬಳ್ಳಿಯಲ್ಲಿ ಸೌಕರ್ಯಗಳಿಗೆ ಕೊರತೆಯಿಲ್ಲ; ಆದರೆ ಬೆಂಗಳೂರಿನ ಗದ್ದಲವನ್ನು ಬಿಟ್ಟು ಹುಬ್ಬಳ್ಳಿಯ ಗದ್ದಲಕ್ಕೆ ಬಂದುದರಲ್ಲಿ ವಿಶ್ರಾಂತಿ ಏನು ಬಂತು? ಕುಂದಗೋಳ ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಅಲ್ಲಿಗೆ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದುದನ್ನು ನೆನೆದರೆ ಸಂಗೀತದ ಗಂಧವಿರುವವರಿಗೆ ಆ ನಿಲ್ದಾಣದಲ್ಲಿ ಇಳಿಯುವುದೇ ಒಂದು ಯಾತ್ರೆ. ಆದರೆ ಅದು ಹುಬ್ಬಳ್ಳಿಯ ಆಚೆಗಿನ ದಿಕ್ಕು. ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿ ಮಲೆನಾಡಿನ ಸೆರಗು. ಅದು ಬೇರೊಂದು ಪ್ರವಾಸದ ಮಾತು. ನವಲಗುಂದ ಯಮನೂರಿಗೆ ಅತ್ಯಂತ ಸಮೀಪ, ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿನ ಊರು. ರೈಲು ಮಾತ್ರ ಇಲ್ಲ. ಹದಿನಾಲ್ಕು ಮಂದಿಯ ತಂಡಕ್ಕೆ ರೈಲು ಹತ್ತಿರವಿರುವುದು ದೊಡ್ಡ ಬಲ. ವಾಹನದ ಚಾಲಕನಿಗೆ ಮೈಯಲ್ಲಿ ಸರಿಯಿಲ್ಲದಿದ್ದರೂ ದಿನ ಕೆಡುವುದಿಲ್ಲ.

ಅಣ್ಣಿಗೇರಿ ಹುಬ್ಬಳ್ಳಿ–ಗದಗ ರೈಲುಮಾರ್ಗದ ಮೇಲಿದೆ. ಆ ಎರಡು ಪಟ್ಟಣಗಳ ಅಂತರ ಸುಮಾರು 58 ಕಿಲೋಮೀಟರು. ಅಣ್ಣಿಗೇರಿ ನಡುವೆ, ಗದಗಿನ ಕಡೆಗೆ ತುಸು ಹೆಚ್ಚು ಸರಿದಂತೆ ಇದೆ. ವೇಗದ ಗಾಡಿಗಳೆಲ್ಲ ಇಲ್ಲಿ ನಿಲ್ಲುವುದಿಲ್ಲವಾದುದರಿಂದ ಹುಬ್ಬಳ್ಳಿಯಲ್ಲಿಳಿದು ಬೇರೆ ಗಾಡಿಯನ್ನೋ ಬಸ್ಸನ್ನೋ ಹಿಡಿಯುವುದು ಲೇಸು. ನವಲಗುಂದಕ್ಕೆ ನೇರ ರಸ್ತೆಯಿದೆ. ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಲ್ಲಿ ಸಾಮಾನ್ಯ ಸಾರಿಗೆ ಬಸ್ಸುಗಳ ಪ್ರಯಾಣ ಉಚಿತವಾಯಿತಷ್ಟೆ. ತಂಡದ ಹೆಂಗಸರು ಯಾರ ಅನುಮತಿಗೂ ಕಾಯದೆ ತಾವೇ ಒಂದು ದಿನ ಗದಗಿಗೆ ಹೋಗಿ ಬರುವುದಕ್ಕೆ ಅಡ್ಡಿಯೇನು?

ಊರಿಗೆ ತನ್ನದೇ ಆದ ಘನತೆಯೂ ಉಂಟು. ಆದಿಕವಿ ಪಂಪನ ಊರೆಂದು ಹೆಸರಾದ ಸ್ಥಳವಿದು. ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಯಾಣ ಚಾಲುಕ್ಯರ ಕಡೆಯ ಅರಸು ನಾಲ್ವಡಿ ಸೋಮೇಶ್ವರ ಇಲ್ಲಿಂದಲೇ ರಾಜ್ಯವಾಳಿದನು. ಹನ್ನೊಂದನೆಯ ಶತಮಾನದ ಅಮೃತೇಶ್ವರ ದೇವಾಲಯ ಊರೊಳಗೇ ಇದೆ. ಕಪ್ಪು ಬಳಪದ ಕಲ್ಲಿನ ಕೆಲಸ, ಒಳಗೆ 76 ಕಂಬಗಳು. ದೂರದಿಂದ ಬಂದವರು ಅರ್ಧ ಗಂಟೆಯಲ್ಲಿ ಅದನ್ನು ನೋಡಿ ಮುಗಿಸುವರು. ಮುಕ್ಕಾಮು ಮಾಡಿದವರಿಗಾದರೋ ಅದು ದಿನವೂ ಸಂಜೆ ಹೋಗಿ ಕೂಡುವ ಜಾಗವಾಗುತ್ತದೆ. ಮೂರನೆಯ ಸಂಜೆಗೆ ಮಕ್ಕಳು ಕಂಬಗಳನ್ನು ಎಣಿಸತೊಡಗುವರು, ಅತ್ತೆಯವರಿಗೆ ಅಲ್ಲಿಯವರೇ ಇಬ್ಬರು ಗೆಳತಿಯರಾಗಿರುವರು. ಚಿಕ್ಕ ಊರಿನಲ್ಲಿ ಇಳಿದುಕೊಳ್ಳುವುದರ ಫಲ ಇದು. ಹತ್ತು ವರ್ಷದ ಹುಡುಗ ತಾನಾಗಿಯೇ ಅಂಗಡಿಗೆ ಹೋಗಿ ಶೇಂಗಾ ಕೊಂಡು ಬರಬಹುದು. ಬೆಂಗಳೂರಿನಲ್ಲಿ ಅವನನ್ನು ಬೀದಿಯ ತಿರುವಿಗೂ ಒಬ್ಬನನ್ನೇ ಕಳಿಸರು.

ವಸತಿಯ ಮಾತು ಮುಚ್ಚಿಡಲಾಗದು. ಅಣ್ಣಿಗೇರಿಯಂಥ ಊರಿನಲ್ಲಿ ದೊಡ್ಡ ಹೊಟೆಲಿನ ಮೆತ್ತೆ ಹಾಸಿಗೆಗಳನ್ನು ನಿರೀಕ್ಷಿಸಬಾರದು. ರೈಲಿನ ಟಿಕೆಟ್ಟು ಕೊಳ್ಳುವ ಮೊದಲೇ ತಂಡದ ಒಬ್ಬರು ಹೋಗಿ ಕಣ್ಣಾರೆ ನೋಡಿ ಬರಲಿ. ಬಾಡಿಗೆಗೆ ಸಿಗುವ ಮನೆ, ಮದುವೆಯ ದಿನಗಳಲ್ಲದಾಗ ಕಲ್ಯಾಣಮಂಟಪದ ಕೋಣೆಗಳು, ಆ ಕಡೆಯ ಪರಿಚಿತರ ಮೂಲಕ ದೊರೆಯುವ ಏರ್ಪಾಡು, ಇವನ್ನೆಲ್ಲ ವಿಚಾರಿಸಬೇಕು. ನೋಡಬೇಕಾದುದು ನಾಲ್ಕೇ: ಅತ್ತೆಯವರು ಮೆಟ್ಟಿಲು ಹತ್ತದೆ ಮಲಗಬಹುದೇ, ಶೌಚಾಲಯ ಎಷ್ಟು, ನೀರು ಯಾವ ಹೊತ್ತಿಗೆ ಬರುತ್ತದೆ, ಬಾಗಿಲ ಮುಂದೆ ಕೂಡಲು ಕಟ್ಟೆಯಿದೆಯೇ. ಇವು ದೊರೆಯದಿದ್ದರೆ ಹಟ ಹಿಡಿಯದೆ ಗದಗಿನಲ್ಲಿ ಇಳಿದುಕೊಳ್ಳಿರಿ. ಊರು ದೊಡ್ಡದಾದರೂ ಈ ಲೆಕ್ಕವೆಲ್ಲ ಅಲ್ಲಿಂದಲೂ ಬಹುಮಟ್ಟಿಗೆ ಸರಿಹೋಗುತ್ತದೆ.

ಇನ್ನು ಒಲೆಯ ವಿಷಯ. ಬಿಡಾರದಲ್ಲಿ ಚಹಾ ಮತ್ತು ಮಗುವಿನ ಹಾಲು ಕಾಯುವುದರ ಹೊರತು ಒಲೆ ಹೊತ್ತಿಸುವುದಿಲ್ಲವೆಂದು ಹೊರಡುವ ಮೊದಲೇ ಮನೆಯ ಗಂಡಸರಿಂದ ಒಪ್ಪಿಗೆ ಪಡೆಯಿರಿ. ಇದಕ್ಕೆ ಆ ಸೀಮೆಯೇ ನಿಮ್ಮ ಪಕ್ಷ ವಹಿಸುತ್ತದೆ. ಖಾನಾವಳಿಯ ಊಟ ಮನೆಯ ಊಟದ ತಂಗಿ: ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು. ಹದಿನಾಲ್ಕು ಮಂದಿ ಒಟ್ಟಿಗೆ ನುಗ್ಗದೆ ಬೆಳಿಗ್ಗೆಯೇ ಹೇಳಿಟ್ಟರೆ ಅವರಿಗೂ ಅನುಕೂಲ. ಖಡಕ್ ರೊಟ್ಟಿ ಹಲವು ದಿನ ಕೆಡುವುದಿಲ್ಲವಾದುದರಿಂದ ರಾತ್ರಿಗೆ ರೊಟ್ಟಿ, ಚಟ್ನಿಪುಡಿ, ಮೊಸರು ಸಾಕು. ಸಂಜೆಗೆ ಗಿರಮಿಟ್ಟು, ಮಿರ್ಚಿ ಭಜಿ ಇದ್ದೇ ಇವೆ. ಸಂಕ್ರಾಂತಿಯ ಬಳಿಕದ ದಿನಗಳಾದರೆ ಹೊಲದಲ್ಲಿ ಹಸಿಕಡಲೆಯೂ ಹಸಿಜೋಳದ ಸೀತನಿಯೂ ದೊರೆತಾವು. ಆದರೆ ಹೊಲದವರನ್ನು ಕೇಳದೆ ಕೈ ಹಾಕಕೂಡದೆಂದು ಮಕ್ಕಳಿಗೆ ಮೊದಲೇ ಹೇಳಿರಬೇಕು. ಸೋದರಿ ಆರಿಸಿರುವ ತಿಂಗಳೇ ಸರಿಯಾದದ್ದು. ಅದು ಎರೆಮಣ್ಣಿನ ಬಯಲು. ಬೇಸಿಗೆಯಲ್ಲಿ ನೆರಳಿಲ್ಲ, ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿ ಮಣ್ಣಿನಲ್ಲೇ ಉಳಿಯುತ್ತದೆ. 2019ರ ಆಗಸ್ಟ್‌ನಲ್ಲಿ ಬೆಣ್ಣೆಹಳ್ಳ ಉಕ್ಕಿ ಆ ಭಾಗದ ಜನ ಪಟ್ಟ ಪಾಡು ಸಾಮಾನ್ಯವಲ್ಲ.

ಆ ಬೆಣ್ಣೆಹಳ್ಳದ ದಡದಲ್ಲಿಯೇ ಯಮನೂರು ಇರುವುದು. ಮೊದಲ ದಿನ ಪ್ರಯಾಣದ ದಣಿವಾರಲಿ. ಎರಡನೆಯ ಬೆಳಿಗ್ಗೆ ಎಲ್ಲರೂ, ತಪ್ಪದೆ ಎಲ್ಲರೂ, ಅಲ್ಲಿಗೆ ಹೋಗಬೇಕು. ಇಡೀ ತಂಡ ಒಟ್ಟಾಗಿರಬೇಕಾದ ದಿನ ಇದೊಂದೇ. ಹಿಂದೂಗಳು ಚಾಂಗದೇವನೆಂದೂ ಮುಸಲ್ಮಾನರು ರಾಜಾಬಾಗಸವಾರನೆಂದೂ ನಡೆದುಕೊಳ್ಳುವ ಸನ್ನಿಧಿ ಅದು. ಎರಡನೆಯ ಹೆಸರಿನ ಅರ್ಥ ಹುಲಿಯನ್ನೇರಿದ ರಾಜ ಎಂದು. ಮರಾಠಿ ಸಂತಪರಂಪರೆಯ ಚಾಂಗದೇವನೂ ಹುಲಿಯನ್ನೇರಿ ಜ್ಞಾನೇಶ್ವರರನ್ನು ಕಾಣಲು ಬಂದವನೇ. ಎರಡು ಹೆಸರುಗಳೂ ಒಂದೇ ಹುಲಿಯ ಬೆನ್ನಮೇಲೆ ಕುಳಿತಿವೆ. ಕೆಳಗಿಳಿಸಿ ವಿಚಾರಿಸುವ ಗೋಜಿಗೆ ಭಕ್ತರು ಹೋದವರಲ್ಲ. ಹಳ್ಳದ ನೀರಿನಿಂದ ಅಲ್ಲಿ ದೀಪ ಉರಿಯುತ್ತದೆಂದು ನಂಬಿಕೆ. ಮೈಯ ಬೇನೆಗಳಿಗಾಗಿ ಹರಕೆ ಹೊತ್ತವರು ಅದೇ ಹಳ್ಳದಲ್ಲಿ ಮಿಂದು ದರ್ಶನಕ್ಕೆ ಹೋಗುವರು. ಆದರೆ ನೀರು ಎಲ್ಲ ಕಾಲದಲ್ಲೂ ಸ್ನಾನಕ್ಕೆ ತಕ್ಕಂತಿರುವುದಿಲ್ಲ. ಎಪ್ಪತ್ತಾರರ ತಾಯಿಗೆ ನೆತ್ತಿಗೆ ಪ್ರೋಕ್ಷಿಸಿಕೊಂಡರೆ ಸಾಲದೇ? ಹೋಳಿ ಹುಣ್ಣಿಮೆಯ ಮುಂದಿನ ದಿನಗಳ ಜಾತ್ರೆಗೇ ಬರುವೆನೆಂದು ಹರಕೆಯಲ್ಲಿ ಹೇಳಿಕೊಂಡಿದ್ದಾರೆಯೇ ಎಂಬುದನ್ನು ಮಾತ್ರ ಅವರನ್ನು ಕೇಳಿಕೊಳ್ಳಿರಿ. ಹಾಗಿದ್ದರೆ ತಂಡವನ್ನು ಬಿಟ್ಟು ಮಗನೊಬ್ಬನೇ ಅವರನ್ನು ಆಗ ಕರೆದೊಯ್ಯಲಿ. ಆ ಜನಸಾಗರದಲ್ಲಿ ಹದಿನಾಲ್ಕು ಮಂದಿ ಒಬ್ಬರ ಕೈ ಒಬ್ಬರು ಹಿಡಿದು ನಡೆಯುವುದು ಆಗದ ಮಾತು.

ಯಮನೂರಿಗೆ ಹೋಗುವ ನಗರವಾಸಿಗಳು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಕುಡಿಯುವ ನೀರಿಗಾಗಿ ಮಹದಾಯಿಯ ಹೊಳೆಯನ್ನು ಮಲಪ್ರಭೆಗೆ ತಿರುಗಿಸಬೇಕೆಂದು ಈ ಸೀಮೆಯವರು ಹೋರಾಡಿದ್ದಾರೆ. 2016ರ ಜುಲೈಯಲ್ಲಿ ನ್ಯಾಯಮಂಡಳಿ ರಾಜ್ಯದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ಎದ್ದ ಪ್ರತಿಭಟನೆಯ ಬೆನ್ನಿಗೇ ಯಮನೂರಿನ ಹೆಂಗಸರು, ವೃದ್ಧರು ಸಹ ಪೊಲೀಸರ ಲಾಠಿಯ ಏಟು ತಿಂದ ಸುದ್ದಿ ನಾಡಿನಲ್ಲೆಲ್ಲ ಹಬ್ಬಿತು. ಅದಕ್ಕೂ ಮುಂಚೆ, 1980ರ ಜುಲೈ 21ರಂದು, ನವಲಗುಂದ ನರಗುಂದಗಳಲ್ಲಿ ರೈತರ ಮೇಲೆ ಗೋಲಿಬಾರಾಗಿತ್ತು. ಅದಕ್ಕೂ ಮೂಲ ಮಲಪ್ರಭೆಯ ಕಾಲುವೆಯ ಕರವೇ. ಅಂಥ ಊರಿನ ಮನೆಯೊಂದರಲ್ಲಿ ತಂಬಿಗೆ ನೀರು ಕೊಟ್ಟರೆ ಅರ್ಧ ಕುಡಿದು ಉಳಿದುದನ್ನು ಅಂಗಳಕ್ಕೆ ಚೆಲ್ಲದಂತೆ ಮಕ್ಕಳಿಗೆ ಹೇಳುವುದು ಒಳ್ಳೆಯದು. ಬಿಡಾರದಲ್ಲಿಯೂ ಸ್ನಾನಕ್ಕೆ ಒಬ್ಬರಿಗೆ ಒಂದು ಬಕೆಟ್ಟು ಸಾಕು.

ಉಳಿದ ಮೂರು ದಿನಗಳನ್ನು ಮೈದುನರ ಕೈಗೆ ಕೊಡಿರಿ. ಗದಗಿನ ತ್ರಿಕೂಟೇಶ್ವರ, ಕುಮಾರವ್ಯಾಸನ ವೀರನಾರಾಯಣ, ಅಲ್ಲಿಂದ ಹನ್ನೆರಡು ಕಿಲೋಮೀಟರಿನೊಳಗೇ ಲಕ್ಕುಂಡಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವನ್ನು ಹೆಣ್ಣುಮಕ್ಕಳಿಗೆ ವಿಶೇಷವಾಗಿ ತೋರಿಸಬೇಕು. ಇದೊಂದು ದಿನ. ಬಾದಾಮಿ ಬೇಕೇ ಬೇಕೆನ್ನುವ ತರುಣರು ನಸುಕಿಗೇ ಎದ್ದು ಗದಗಿನ ಮೇಲಿಂದ ರೈಲಿನಲ್ಲಿ ಹೋಗಿ ರಾತ್ರಿಗೆ ಮರಳಲಿ. ಆ ದಿನ ಹಿರಿಯರು ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳಲಿ, ಸೋದರಿ ಮಧ್ಯಾಹ್ನ ನಿದ್ದೆ ಮಾಡಲಿ. ವಿಜಯಪುರ, ಕೂಡಲಸಂಗಮಗಳನ್ನು ಈ ಸಲ ಬಿಡಲೇಬೇಕು. ಗೋಳಗುಮ್ಮಟ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ನಡುವೆ ಒಂದು ಮಧ್ಯಾಹ್ನ ನವಲಗುಂದಕ್ಕೆ. ಯಮನೂರಿನಿಂದ ಬರುವಾಗಲೇ ಆದರೂ ಆಯಿತು. ಅಲ್ಲಿಯ ಜಮಖಾನದ ಹೆಸರನ್ನು ನಮ್ಮ ಅಜ್ಜಿಯರೆಲ್ಲ ಬಲ್ಲರು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಮುಸಲ್ಮಾನ ಮನೆತನದ ಹೆಂಗಸರು ನೇಯುವ ಹತ್ತಿಯ ಹಾಸು ಅದು. ನವಿಲು, ಪಗಡೆಯ ಹಾಸಿನಂಥ ಚಿತ್ತಾರಗಳು ಪ್ರಸಿದ್ಧ. ಈಗ ನೇಯುವವರು ವಿರಳ. ದೊಡ್ಡದೊಂದಕ್ಕೆ ದಿನಗಟ್ಟಲೆ ಕೈಗೆಲಸ ಹಿಡಿಯುವುದರಿಂದ ಕೂಡಲೇ ಕಟ್ಟಿಸಿಕೊಂಡು ಬರುವ ಆಸೆ ಬೇಡ. ಮನೆಯ ಕೋಣೆಯ ಉದ್ದಗಲವನ್ನು ಅಳೆದು ಚೀಟಿಯಲ್ಲಿ ಬರೆದೊಯ್ದು ಹೇಳಿ ಬನ್ನಿರಿ. ಸಂತೆಯ ಬದನೆಕಾಯಿಗೆ ಮಾಡುವಂತೆ ಚೌಕಾಸಿ ಮಾಡದಿದ್ದರೆ ಚೆನ್ನು. ಹರಕೆಯ ಸಕ್ಕರೆಯನ್ನು ಮಾತ್ರ ಹಿಂದಿನ ದಿನವೇ ಅಣ್ಣಿಗೇರಿಯಲ್ಲಿ ಕೊಂಡಿಟ್ಟುಕೊಳ್ಳಿರಿ. ಎಷ್ಟು ಸೇರೆಂದು ಹೇಳಿಕೊಂಡಿದ್ದರೋ ಅತ್ತೆಯವರಿಗೆ ಖಂಡಿತವಾಗಿ ನೆನಪಿರುತ್ತದೆ.