ಕೆಲಸ ಹೋದವರ ಲೆಕ್ಕ ಎಲ್ಲಿದೆ?



ದೇಶವಾಳುವವರ ಸಾಧನೆಯನ್ನು ಅಳೆಯುವುದಕ್ಕೆ ದೊಡ್ಡವರ ಬಳಿ ನಾನಾ ಅಳತೆಗೋಲುಗಳುಂಟು. ಷೇರುಪೇಟೆ ಏರಿತೆನ್ನುತ್ತಾರೆ, ಹೆದ್ದಾರಿ ಆಯಿತೆನ್ನುತ್ತಾರೆ. ನಮ್ಮ ಅಳತೆ ಬೇರೆ. ವ್ಯಾಪಾರ ಕುಸಿದ ಕಾಲದಲ್ಲಿ ಕೆಲಸ ಕಳೆದುಕೊಂಡವರೆಷ್ಟು, ಅವರ ಕೈಗೆ ಬಂದದ್ದೇನು, ಇಷ್ಟೇ ನಾವು ಕೇಳುವುದು.

ಅಮೆರಿಕದಲ್ಲಿ 1929ರ ಕುಸಿತದ ಮೇಲೆ ನಾಲ್ಕು ಮಂದಿ ದುಡಿಯುವವರಲ್ಲಿ ಒಬ್ಬನಿಗೆ ಕೆಲಸವಿಲ್ಲದಂತಾಯಿತು. ಅಧ್ಯಕ್ಷ ಹೂವರ್ 1932ರ ಚುನಾವಣೆಯಲ್ಲಿ ಸೋತರು. ಅವರ ನಂತರ ಬಂದ ರೂಸ್‌ವೆಲ್ಟರ ಕಾಲದಲ್ಲಿ, 1935ರಲ್ಲಿ, ನಿರುದ್ಯೋಗ ವಿಮೆಯ ಕಾನೂನಾಯಿತು. 2020ರಲ್ಲಿ ಕೊರೋನಾ ಬಂದು ಏಪ್ರಿಲ್ ಒಂದೇ ತಿಂಗಳಲ್ಲಿ ಅಲ್ಲಿನ ನಿರುದ್ಯೋಗ ನೂರಕ್ಕೆ 14ನ್ನು ದಾಟಿದಾಗ, ಆ ವಿಮೆಯ ಹಣದ ಮೇಲೆ ವಾರಕ್ಕೆ 600 ಡಾಲರ್ ಹೆಚ್ಚಾಗಿ ಕೊಟ್ಟರು. ಅಧ್ಯಕ್ಷ ಟ್ರಂಪ್ ಆ ವರ್ಷ ಏಕೆ ಸೋತರೆಂಬುದು ನಮ್ಮ ಜಗಳವಲ್ಲ. ಕೆಲಸ ಹೋದವನ ಹೆಸರು ಅಲ್ಲಿ ಒಂದು ಪುಸ್ತಕದಲ್ಲಿತ್ತು, ಎಷ್ಟು ಮಂದಿ ಹೊಸದಾಗಿ ಅರ್ಜಿ ಹಾಕಿದರೆಂದು ಸರ್ಕಾರವೇ ವಾರವಾರ ಪ್ರಕಟಿಸುತ್ತಿತ್ತು. ನಾವು ಗಮನಿಸಬೇಕಾದದ್ದು ಇದನ್ನು.

ನಮ್ಮಲ್ಲಿ ಏನಾಯಿತು? 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಮೋದಿಯವರು ಮಾತನಾಡಿದರು, 12 ಗಂಟೆಗೆ ದೇಶ ಮುಚ್ಚಿತು. ಏಪ್ರಿಲ್‌ನಿಂದ ಜೂನ್‌ವರೆಗಿನ ಉತ್ಪನ್ನ ಹಿಂದಿನ ವರ್ಷಕ್ಕಿಂತ ನೂರಕ್ಕೆ 23.9 ಇಳಿಯಿತೆಂದು ಸರ್ಕಾರವೇ ಆಗಸ್ಟ್‌ನಲ್ಲಿ ಹೇಳಿತು. ಮುಂದಿನ ಮೂರು ತಿಂಗಳೂ ಇಳಿತವೇ. ಮೇ 12ರಂದು 20 ಲಕ್ಷ ಕೋಟಿಯ ಯೋಜನೆ ಸಾರಿದರು. ಅದರಲ್ಲಿ ಬಹುಪಾಲು ಸಾಲ ಮತ್ತು ಸಾಲದ ಜಾಮೀನು. ತಟ್ಟೆ ತೊಳೆಯುವ ಹುಡುಗನಿಗೆ ಯಾವ ಬ್ಯಾಂಕು ಸಾಲ ಕೊಟ್ಟೀತು? ತಲೆಗೆ 5 ಕಿಲೋ ಧಾನ್ಯ ಪುಕ್ಕಟೆ ಕೊಟ್ಟದ್ದು ನಿಜ, ಅದರಿಂದ ಕೋಟ್ಯಂತರ ಒಲೆಗಳು ಉರಿದವು, ಇಲ್ಲವೆನ್ನಲಾರೆವು. ಆದರೆ ಕುಂದಾಪುರದ ಕಾರ್ಡಿಗೆ ದೆಹಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಆಗ ಅಕ್ಕಿ ಸಿಗುತ್ತಿರಲಿಲ್ಲ. ಆ ಅನುಕೂಲ ಇಲ್ಲಿಗೆ ಬಂದದ್ದು 2021ರ ಜುಲೈನಲ್ಲಿ.

ಸಂಬಳ ಕಡಿಯಬಾರದೆಂಬ ಆಜ್ಞೆ ಮಾರ್ಚ್ 29ರಂದು ಹೊರಟಿತು, ಮೇ ತಿಂಗಳಲ್ಲಿ ಹಿಂದೆ ಹೋಯಿತು. ಮಾಲೀಕರೂ ಕೆಲಸಗಾರರೂ ಮಾತಾಡಿ ತೀರ್ಮಾನಿಸಿಕೊಳ್ಳಲೆಂದು ಜೂನ್ 12ರಂದು ಸುಪ್ರೀಂ ಕೋರ್ಟು ಹೇಳಿತು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನು ಯಾರೊಡನೆ ಮಾತಾಡಬೇಕು? ಸೆಪ್ಟೆಂಬರಿನಲ್ಲಿ ಪಾರ್ಲಿಮೆಂಟಿನಲ್ಲಿ ಕೇಳಿದಾಗ, 1 ಕೋಟಿ 4 ಲಕ್ಷ ಮಂದಿ ಊರಿಗೆ ಮರಳಿದರೆಂದು ಕಾರ್ಮಿಕ ಇಲಾಖೆ ಉತ್ತರಿಸಿತು. ದಾರಿಯಲ್ಲಿ ಸತ್ತವರ ಲೆಕ್ಕ ಇಟ್ಟಿಲ್ಲ ಎಂದಿತು. ನಮ್ಮ ಕರ್ನಾಟಕ ಸರ್ಕಾರವೂ ಕಡಿಮೆಯೇನಲ್ಲ. ಬಿಲ್ಡರುಗಳ ಸಭೆಯಾದ ಬೆನ್ನಿಗೇ ಹೊರನಾಡ ಕೂಲಿಗಳ ರೈಲನ್ನು ನಿಲ್ಲಿಸಿ, ಕೂಗೆದ್ದ ಮೇಲೆ ಮತ್ತೆ ಬಿಟ್ಟಿತು.

ಮುಖರ್ಜಿ ನಗರವನ್ನೇ ನೋಡಿ. ಇಲ್ಲಿಯ ಇಡ್ಲಿ ದೋಸೆಯ ಹೊಟೇಲು, ಮೆಸ್ಸುಗಳೆಲ್ಲ ನಿಂತಿರುವುದು ಐಎಎಸ್ ಓದಲು ಬಂದ ಹುಡುಗರ ಹಸಿವಿನ ಮೇಲೆ. ತರಗತಿ ಮುಚ್ಚಿದರೆ ಕೋಣೆ ಖಾಲಿ, ಕೋಣೆ ಖಾಲಿಯಾದರೆ ಒಲೆ ತಣ್ಣಗೆ. 2020ರಲ್ಲಿ ಹಾಗಾಯಿತು. 2024ರ ಜುಲೈನಲ್ಲಿ ರಾಜೇಂದ್ರ ನಗರದ ನೆಲಮಾಳಿಗೆಗೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತ ಮೇಲೆ ಇಲ್ಲಿಯೂ ಬೀಗಮುದ್ರೆ ಬಿತ್ತು. ಮಕ್ಕಳ ಜೀವ ಮೊದಲು, ಬೀಗ ಹಾಕಿದ್ದು ಸರಿಯೇ. ಆದರೆ ಗಿರಾಕಿ ಕಡಿಮೆಯಾದಾಗ ಮೊದಲು ಹೊರಬೀಳುವವನು ಪುಸ್ತಕದಲ್ಲಿಲ್ಲದ ಸಪ್ಲಾಯರ್.

ಗಿರಣಿಯ ಹಿರಿಯರಿಗೆ ಇದು ಹೊಸದಲ್ಲ. 1996ರ ಜುಲೈ 8ರಂದು ದೆಹಲಿಯ 168 ಕಾರ್ಖಾನೆಗಳು ನವೆಂಬರ್ 30ರೊಳಗೆ ನಿಲ್ಲಬೇಕೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಬೇರೆಡೆಗೆ ಹೋಗದೆ ಮುಚ್ಚಿದ ಕಾರ್ಖಾನೆಯವರಿಗೆ ಪರಿಹಾರದ ಜೊತೆಗೆ ಮೊದಲು ಒಂದು ವರ್ಷದ, ಆಮೇಲೆ ಆರು ವರ್ಷದ ಸಂಬಳವೆಂದಿತು. ರೋಲಿನಲ್ಲಿದ್ದವನು ಅದನ್ನು ಹಿಡಿದು ಜಗ್ಗಾಡಬಹುದಿತ್ತು. ಗುತ್ತಿಗೆಯವನೂ ಬದಲಿಯವನೂ ಬರಿಗೈಯಲ್ಲಿ ಹೋದರು.

2020ರಲ್ಲೂ ಅದೇ ಕಥೆ. ಕೆಲಸ ಹೋದ ವಿಮಾದಾರನಿಗೆ ಸರಾಸರಿ ಸಂಬಳದ ಅರ್ಧದಷ್ಟನ್ನು 90 ದಿನದವರೆಗೆ ಕೊಡುವುದಾಗಿ ಇಎಸ್‌ಐ ಆಗಸ್ಟ್‌ನಲ್ಲಿ ನಿರ್ಧರಿಸಿತು. ನಮ್ಮ ಹೊಟೇಲುಗಳ ಹುಡುಗರಲ್ಲಿ ಇಎಸ್‌ಐ ನಂಬರು ಇದ್ದವರನ್ನು ಹುಡುಕಬೇಕಾಯಿತು. ಊಟ, ಮಲಗಲು ಜಾಗ, ಕೈಗೆ ನಗದು, ಇಷ್ಟಕ್ಕೆ ತೃಪ್ತರಾಗಿರೆಂದು ಮಾಲೀಕರು ಹೇಳುತ್ತಾರೆ. ನಮ್ಮೂರಿನವರೇ, ನಮ್ಮ ಭಾಷೆಯವರೇ, ಎಷ್ಟೋ ಸಲ ನೆಂಟರೇ. ಆದ್ದರಿಂದ ನಾವು ನಾಚಿಕೊಂಡು ಸುಮ್ಮನಿರುತ್ತೇವೆ.

ಆಳುವವರ ಸಾಧನೆಯ ಮೇಲೆ ಓಟಿನ ಕಾಲದಲ್ಲಿ ಎಲ್ಲರೂ ತೀರ್ಪು ಕೊಡಲಿ. ಅದಕ್ಕೆ ಮೊದಲು ಪ್ರತಿಯೊಬ್ಬರೂ ಗಲ್ಲಾದ ಬಳಿ ನಿಂತು ಎರಡು ಮಾತು ಕೇಳಬೇಕು: ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿದೆಯೇ, ನನ್ನ ಇಎಸ್‌ಐ ನಂಬರು ಯಾವುದು? ಒಬ್ಬನೇ ಕೇಳಲು ಅಂಜಿಕೆಯಾದರೆ ಅಡಿಗೆಯವರು, ಸಪ್ಲಾಯರು, ಕ್ಲೀನರು ಎಲ್ಲ ಒಟ್ಟಿಗೆ ಹೋಗಿ. ಉತ್ತರ ಬಾರದಿದ್ದರೆ ಕೆಲಸ ಮುಗಿದ ಮೇಲೆ ಸಂಘಕ್ಕೆ ಬನ್ನಿ. ಆಧಾರ್ ಕಾರ್ಡು, ಸಂಬಳ ಬಂದ ಬಗ್ಗೆ ಏನಾದರೂ ಚೀಟಿಯಿದ್ದರೆ ಅದು, ಇಲ್ಲದಿದ್ದರೆ ಕೆಲಸಕ್ಕೆ ಸೇರಿದ ದಿನ ಬಲ್ಲ ಒಬ್ಬ ಜೊತೆಗಾರನನ್ನು ಕರೆತನ್ನಿ. ಅರ್ಜಿ ನಾವು ಬರೆಯುತ್ತೇವೆ.