ಟ್ರೈಲೋಬೈಟಿಗೆ ಹೆಸರಿದೆ, ಸಂಡೂರಿನ ಕಲ್ಲಿಗೆ?

ನಮ್ಮ ಬಳ್ಳಾರಿ ಕಡೆ ಟ್ರೈಲೋಬೈಟ್ ಸಿಗುತ್ತಾ ಅಂತ ಯಾರಾದ್ರೂ ಕೇಳಿದ್ರೆ ಉತ್ತರ ಒಂದೇ ಪದ: ಇಲ್ಲ. ಎಷ್ಟು ಅಗೆದರೂ ಇಲ್ಲ! ಬಳ್ಳಾರಿ ಗುಡ್ಡ, ಕುರುಗೋಡಿನ ಬೆಟ್ಟಗಳು ಗ್ರಾನೈಟ್. ಕರಗಿದ ಶಿಲೆ ತಣ್ಣಗಾಗಿ ಗಟ್ಟಿಯಾದದ್ದು. ಅದರೊಳಗೆ ಪಳೆಯುಳಿಕೆ ಎಲ್ಲಿಂದ ಬರಬೇಕು? ಭಾರತದಲ್ಲೇ ನೋಡಬೇಕೆಂದರೆ ಹಿಮಾಚಲದ ಸ್ಪಿತಿಗೆ ಹೋಗಬೇಕು. ಅಲ್ಲಿಯ ಟ್ರೈಲೋಬೈಟ್‌ಗಳನ್ನು ಕೌಪರ್ ರೀಡ್ 1910ರಲ್ಲೇ ವಿವರಿಸಿ ಹೆಸರಿಟ್ಟಿದ್ದಾರೆ.

ಈ ಹೆಸರಿಡೋ ಕೆಲಸ ನಮ್ಮಂಥ ಕೋಡ್ ಬರೆಯೋರಿಗೆ ಇಷ್ಟವಾಗುವಂಥದ್ದು. ಇದುವರೆಗೆ 20,000ಕ್ಕೂ ಹೆಚ್ಚು ಪ್ರಭೇದ, ಸುಮಾರು ಹತ್ತು ಗಣ. ತಲೆಚಿಪ್ಪಿನ ಮೇಲೆ ಹೊಲಿಗೆಯಂತೆ ಹಾದುಹೋಗುವ ಗೆರೆ, ಕಣ್ಣಿನ ಆಕಾರ, ನಡುಭಾಗದ ಪಟ್ಟಿಗಳ ಸಂಖ್ಯೆ, ಹೊಟ್ಟೆಯ ಕಡೆ ಬಾಯಿ ಹತ್ತಿರದ ಫಲಕ... ಇವೆಲ್ಲ ನೋಡಿ ವಿಂಗಡಿಸುತ್ತಾರೆ. ತಮಾಷೆ ಅಂದ್ರೆ ಈ ಪ್ರಾಣಿ ಬೆಳೆಯುವಾಗ ಚಿಪ್ಪು ಕಳಚುತ್ತಿತ್ತು. ಹಾಗಾಗಿ ಒಂದೇ ಪ್ರಾಣಿಯ ಹಲವು ಚಿಪ್ಪುಗಳು ಕಲ್ಲಲ್ಲಿ ಉಳಿಯಬಹುದು. ತಲೆ ಒಂದು ಕಡೆ, ಬಾಲ ಇನ್ನೊಂದು ಕಡೆ ಸಿಕ್ಕಿದರೆ ಒಂದಕ್ಕೇ ಎರಡು ಹೆಸರು ಬೀಳೋದು ಸುಲಭ. ಅದಕ್ಕೇ ಯಾವ ಊರಿನ ಯಾವ ಪದರದಲ್ಲಿ ಸಿಕ್ಕಿತು ಅನ್ನೋ ಚೀಟಿ ಕಲ್ಲಿನಷ್ಟೇ ಮುಖ್ಯ. ಚೀಟಿ ಕಳೆದುಹೋದ ಕಲ್ಲು ಶೋಕೇಸಿಗೆ ಮಾತ್ರ ಲಾಯಕ್ಕು.

ಈಗ ನನ್ನ ತಕರಾರಿಗೆ ಬರ್ತೀನಿ. ಟ್ರೈಲೋಬೈಟ್ ಹುಟ್ಟಿದ್ದು ಸುಮಾರು 52 ಕೋಟಿ ವರ್ಷದ ಹಿಂದೆ. ಸಂಡೂರಿನ ಶಿಲಾಪಟ್ಟಿಯ ವಯಸ್ಸು ಸುಮಾರು 270 ಕೋಟಿ. ಅಲ್ಲಿ ಸ್ಟ್ರೊಮಾಟೊಲೈಟ್‌ಗಳಿವೆ, ಆಳವಿಲ್ಲದ ನೀರಲ್ಲಿ ಸೂಕ್ಷ್ಮಜೀವಿಗಳು ಚಾಪೆಯಂತೆ ಹರಡಿ, ಕೆಸರು ಹಿಡಿದು, ಪದರದ ಮೇಲೆ ಪದರ ಕಟ್ಟಿದ ಗುಬುಟುಗಳು. ಎಸ್.ಎಂ. ನಖ್ವಿ ಮತ್ತು ಸಂಗಡಿಗರು 1987ರಲ್ಲಿ ಅಲ್ಲಿಯ ಚರ್ಟ್ ಕಲ್ಲಿನಲ್ಲಿ ಸೈನೋಬ್ಯಾಕ್ಟೀರಿಯಾಗಳ ಕುರುಹನ್ನೂ ವರದಿ ಮಾಡಿದರು. ಇವನ್ನು ವಿಂಗಡಿಸೋದು ಟ್ರೈಲೋಬೈಟಿಗಿಂತ ಕಷ್ಟ. ಇಲ್ಲಿ ಹೆಸರು ಸಿಗೋದು ಮನೆಯ ಆಕಾರಕ್ಕೆ. ಮನೆ ಕಟ್ಟಿದವರು ಯಾರು ಅಂತ ಬಹಳ ಸಲ ಗೊತ್ತಾಗೋದೇ ಇಲ್ಲ. ಗುಮ್ಮಟವೋ, ಶಂಕುವೋ, ಕವಲೊಡೆದ ಕಂಬವೋ ಅನ್ನೋದರ ಮೇಲೆ ವಿಂಗಡಣೆ. ಅಂದಮೇಲೆ ಆ ಬಂಡೆ ಇದ್ದ ಜಾಗದಲ್ಲೇ, ಇದ್ದ ಹಾಗೇ ಉಳಿಯಬೇಕು. ಒಂದು ತುಂಡು ತಂದು ಕಪಾಟಿನಲ್ಲಿಟ್ಟರೆ ಅರ್ಧ ಮಾಹಿತಿ ಅಲ್ಲೇ ಹೋಯ್ತು.

ನಮ್ಮೂರಿಗೆ ದುಡ್ಡು, ಹೆಸರು, ಕೆಟ್ಟ ಹೆಸರು ಎಲ್ಲಾ ತಂದ ಅದಿರು ಕೂಡ ಇದೇ ಕಾಲದ್ದು. ಇಂಥ ಜೀವಿಗಳು ಬಿಟ್ಟ ಆಮ್ಲಜನಕವೇ ಸಮುದ್ರದಲ್ಲಿ ಕರಗಿದ್ದ ಕಬ್ಬಿಣವನ್ನು ತಳಕ್ಕೆ ಇಳಿಸಿತು ಅನ್ನೋದು ಕಬ್ಬಿಣದ ಪದರಗಳಿಗೆ ವಿಜ್ಞಾನಿಗಳು ಕೊಡುವ ಒಂದು ಮುಖ್ಯ ವಿವರಣೆ. ಅದಿರಿನ ಲೆಕ್ಕ ಮಾತ್ರ ಟನ್ನುಗಟ್ಟಲೆ ಇಟ್ಟೆವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು, ಆಮೇಲೆ ಷರತ್ತುಗಳೊಂದಿಗೆ ಮತ್ತೆ ಶುರುವಾಯ್ತು. ಕಾಡು, ನೀರು, ರಸ್ತೆ, ಧೂಳಿನ ಬಗ್ಗೆ ಮಾತಾಡಿದೆವು, ಮಾತಾಡಲೇಬೇಕಿತ್ತು. ಈ ಬಂಡೆಗಳ ಬಗ್ಗೆ ಮಾತಾಡಿದ್ದು ಎಷ್ಟು ಜನ?

"ಗಣಿ ಬಂದ್ ಮಾಡಿ ಅಂತೀಯೇನಪ್ಪಾ?" ಅಂತ ಕೇಳ್ತೀರಿ, ಗೊತ್ತು. ಇಲ್ಲ ಸ್ವಾಮಿ. ಉದಯಪುರದ ಹತ್ತಿರ ಝಾಮರ್‌ಕೋಟ್ರಾದಲ್ಲಿ ರಾಕ್ ಫಾಸ್ಫೇಟ್ ಗಣಿಯೂ ಇದೆ, ಸ್ಟ್ರೊಮಾಟೊಲೈಟ್ ಪಾರ್ಕೂ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಕರ್ನಾಟಕದಿಂದ ಆ ಪಟ್ಟಿಯಲ್ಲಿ ಲಾಲ್‌ಬಾಗ್ ಬಂಡೆ, ಸೇಂಟ್ ಮೇರಿ ದ್ವೀಪ, ಮರಡಿಹಳ್ಳಿ, ಕೋಲಾರದ ಲಾವಾ ಶಿಲೆಗಳಿವೆ. ಸಂಡೂರು ಇಲ್ಲ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಸ್ಟ್ರೊಮಾಟೊಲೈಟ್ ಇರುವ ಜಾಗಗಳ ನಕ್ಷೆ ಆಗಲಿ, ಗಣಿ ಗುತ್ತಿಗೆ ಕೊಡುವ ಮುಂಚೆ ಆ ನಕ್ಷೆ ನೋಡಲಿ. ಒಂದು ಬೇಲಿ, ಕನ್ನಡದಲ್ಲಿ ಒಂದು ಬೋರ್ಡು. ಬಳ್ಳಾರಿ ಶಾಲೆಗಳ ಮಕ್ಕಳು ಪುಸ್ತಕದಲ್ಲಿ ಟ್ರೈಲೋಬೈಟ್ ಚಿತ್ರ ಬಿಡಿಸಲಿ, ಬೇಡ ಅನ್ನಲ್ಲ. ವರ್ಷಕ್ಕೊಂದು ದಿನ ಬಸ್ಸು ಹತ್ತಿಸಿ ಸಂಡೂರಿಗೂ ಕರ್ಕೊಂಡು ಹೋಗಿ.

ನಿಮ್ಮೂರ ಕಡೆಯೂ ಇಂಥ ಬಂಡೆ ಇದ್ರೆ ಸುತ್ತಿಗೆ ತಗೊಂಡು ಹೋಗ್ಬೇಡಿ, ಕ್ಯಾಮೆರಾ ತಗೊಂಡು ಹೋಗಿ. ಪಕ್ಕದಲ್ಲಿ ಅಳತೆಗೊಂದು ಪೆನ್ನಿಟ್ಟು ಫೋಟೋ ತೆಗೀರಿ, ಊರಿನ ಹೆಸರು ಮರೀದೇ ಬರೀರಿ :)