ಬೆಲ್ಲದ ಬಣ್ಣ, ಕೂದಲಿನ ಬಣ್ಣ

ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ಆಲೆಮನೆಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಮದ್ದೂರು ತಾಲ್ಲೂಕಿನ ಕೊಪ್ಪದ ಸುತ್ತಮುತ್ತ ಕಬ್ಬಿನ ಗದ್ದೆಗಳ ನಡುವೆ ಹೊಗೆಯೇಳುವ ದಿಕ್ಕನ್ನು ಹಿಡಿದು ನಡೆದರೆ ಸಾಕು. ಗಾಣದಿಂದ ಹರಿದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು, ಪಾಕವಾಗಿ, ಅಚ್ಚಿಗೆ ಇಳಿಯುವುದನ್ನು ಯಾರಾದರೂ ನಿಂತು ನೋಡಬಹುದು. ಹಿಂದಿನವರು ಹಾಲಿನ ಮಡ್ಡಿಯನ್ನು ತೆಗೆಯಲು ಸುಣ್ಣವನ್ನೂ ಬೆಂಡೆಗಿಡದ ಲೋಳೆಯನ್ನೂ ಬಳಸುತ್ತಿದ್ದರು. ಈಗ ಅನೇಕ ಕಡೆ ಒಂದು ಬಿಳಿಯ ಪುಡಿಯೂ ಕೊಪ್ಪರಿಗೆಗೆ ಬೀಳುತ್ತದೆ. ಅದನ್ನು ಜನ ಹೈಡ್ರೋಸ್ ಎಂದು ಕರೆಯುತ್ತಾರೆ. ಅದು ಬಿದ್ದೊಡನೆ ಕಂದು ಪಾಕ ಹೊಂಬಣ್ಣಕ್ಕೆ ತಿರುಗುತ್ತದೆ. ಹೊಂಬಣ್ಣದ ಬೆಲ್ಲಕ್ಕೆ ಮಂಡಿಯಲ್ಲಿ ಬೆಲೆ ಹೆಚ್ಚು. ಆದುದರಿಂದ ಪುಡಿಗೂ ಬೇಡಿಕೆ.

ಕಳೆದ ವರ್ಷ ನಾನು ತರಗತಿಯಲ್ಲಿ ಬೆಳಕಿನ ಹೀರಿಕೆಯನ್ನು ಕುರಿತು ಪಾಠ ಹೇಳುತ್ತಿದ್ದಾಗ, ಆಲೆಮನೆಯಿರುವ ಮನೆಯಿಂದ ಬಂದ ಒಬ್ಬ ವಿದ್ಯಾರ್ಥಿನಿ ಎದ್ದುನಿಂತು, “ಸಾರ್, ಬೆಲ್ಲವನ್ನು ಬೆಳ್ಳಗೆ ಮಾಡುವ ಹೈಡ್ರೋಸು ಬಣ್ಣ ಹಚ್ಚಿದ ಕೂದಲನ್ನೂ ಬೆಳ್ಳಗೆ ಮಾಡುತ್ತದೆಯೆ?” ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕೆ, ನಕ್ಕುದಲ್ಲದೆ, “ಏನಮ್ಮಾ, ಚಲನಚಿತ್ರಕ್ಕೆ ಸೇರುವ ಯೋಚನೆಯೋ?” ಎಂದೂ ಹೇಳಿದೆ. ಆಕೆ ಕುಳಿತಳು. ಮತ್ತೆ ಕೇಳಲಿಲ್ಲ.

ಆಕೆಗೆ ಬಾಲನೆರೆಯಿತ್ತು. ಎರಡು ಮೂರು ವರ್ಷಗಳಿಂದ ಅಂಗಡಿಯ ಕಪ್ಪು ಬಣ್ಣವನ್ನು ಹಚ್ಚಿಕೊಳ್ಳುತ್ತಿದ್ದಳು. ಅದು ಬೇಸರವಾಗಿ, ಕೂದಲನ್ನೇ ಹೊಂಬಣ್ಣಕ್ಕೆ ತಿರುಗಿಸಿದರೆ ನರೆ ಅದರೊಳಗೆ ಬೆರೆತುಹೋದೀತೆಂದು ಎಣಿಸಿದ್ದಳು. ಪಟ್ಟಣದ ಕೇಶಾಲಂಕಾರದ ಮಳಿಗೆಯಲ್ಲಿ ಅದಕ್ಕೆ ಸಾವಿರಾರು ರೂಪಾಯಿ ಹಿಡಿಯುತ್ತದೆ. ಅಷ್ಟು ಹಣವಿಲ್ಲದೆ, ಪೆರಾಕ್ಸೈಡ್ ದ್ರವವನ್ನೂ ಬಿಳುಪಿನ ಪುಡಿಯನ್ನೂ ತಂದು ಒಂದು ಭಾನುವಾರ ಮನೆಯಲ್ಲೇ ಹಚ್ಚಿಕೊಂಡಳು. ಬಣ್ಣ ಕಿತ್ತಳೆಯಲ್ಲೇ ನಿಂತಿತು. ಅದೇ ಮಧ್ಯಾಹ್ನ ಮತ್ತೊಮ್ಮೆ ಹಚ್ಚಿ, ಪ್ಲಾಸ್ಟಿಕ್ ಚೀಲವನ್ನು ಸುತ್ತಿಕೊಂಡು ಬಿಸಿಲಿನಲ್ಲಿ ಕುಳಿತಳು. ನೆತ್ತಿಯಲ್ಲಿ ಬೊಕ್ಕೆಗಳೆದ್ದವು, ಕಿವಿಯ ಮೇಲಿನ ಕೂದಲು ಗೊಂಚಲು ಗೊಂಚಲಾಗಿ ತುಂಡಾಗಿ ಕೈಗೆ ಬಂದಿತು. ತಿಂಗಳ ಕಾಲ ತಲೆಗೆ ಬಟ್ಟೆ ಕಟ್ಟಿಕೊಂಡೇ ತರಗತಿಗೆ ಬಂದಳು.

ಆ ವರ್ಷ ನನ್ನನ್ನು ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳಲ್ಲಿ ಅತ್ಯುತ್ತಮವಾದುದಕ್ಕೆ ನಾನು ಉತ್ತರ ಕೊಡಲಿಲ್ಲ. ಆ ಉತ್ತರವನ್ನು ಈಗ ಕೊಡುತ್ತಿದ್ದೇನೆ.

ಬಣ್ಣವನ್ನು ಅಳಿಸಲು ರಸಾಯನಶಾಸ್ತ್ರದಲ್ಲಿ ಮುಖ್ಯವಾಗಿ ಎರಡು ಮಾರ್ಗಗಳಿವೆ. ಒಂದು ಅಪಕರ್ಷಣ, ಎಂದರೆ ಬಣ್ಣದ ಅಣುವಿಗೆ ಎಲೆಕ್ಟ್ರಾನುಗಳನ್ನು ಕೊಡುವುದು. ಇನ್ನೊಂದು ಉತ್ಕರ್ಷಣ, ಎಂದರೆ ಎಲೆಕ್ಟ್ರಾನುಗಳನ್ನು ಕಿತ್ತುಕೊಂಡು ಅಣುವನ್ನು ಒಡೆಯುವುದು. ಹೈಡ್ರೋಸ್, ಅಥವಾ ಸೋಡಿಯಂ ಡೈಥಯೊನೈಟ್, ಮೊದಲನೆಯ ಮಾರ್ಗದ್ದು. ನಮ್ಮ ದೇಶದ ಬಹುಪಾಲು ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲಿಗೆ ಹಾಯಿಸುವ ಗಂಧಕದ ಹೊಗೆಯ ಕೆಲಸವೂ ಇದೇ ಜಾತಿಯದು. ಹೈಡ್ರೊಜನ್ ಪೆರಾಕ್ಸೈಡ್ ಎರಡನೆಯ ಮಾರ್ಗದ್ದು. ಅದನ್ನು ಫ್ರಾನ್ಸಿನ ಥೆನಾರ್ 1818ರಲ್ಲಿ ಕಂಡುಹಿಡಿದನು. 1867ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಲಂಡನ್ನಿನ ಒಬ್ಬ ಸುಗಂಧದ್ರವ್ಯ ವ್ಯಾಪಾರಿಯೂ ಪ್ಯಾರಿಸ್ಸಿನ ಒಬ್ಬ ಕೇಶಾಲಂಕಾರಿಯೂ ಸೇರಿ ಅದರಿಂದ ಕೂದಲನ್ನು ಹೊಂಬಣ್ಣಕ್ಕೆ ತರಬಹುದೆಂದು ತೋರಿಸಿದರು. ಇಂದು ಪೊಟ್ಟಣದಲ್ಲಿ ಬರುವ ಸಾಮಗ್ರಿಯ ಮೂಲತತ್ತ್ವವೂ ಅದೇ. ಜೊತೆಗೆ ಅಮೋನಿಯದಂಥ ಕ್ಷಾರವೂ ಪರ್‌ಸಲ್ಫೇಟ್ ಲವಣಗಳೂ ಸೇರಿರುತ್ತವೆ.

ಈಗ ಕೂದಲಿನ ವಿಷಯ. ನಮ್ಮ ದೇಶದವರು ಕಪ್ಪು ಬಣ್ಣ ಹಚ್ಚಿದ ಕೂದಲಿನಲ್ಲಿ ಕತ್ತಲೆ ಎರಡು ಬಗೆಯದು. ಒಂದು, ಹುಟ್ಟಿನಿಂದ ಬಂದ ಮೆಲನಿನ್ ಎಂಬ ವರ್ಣಕದ ಕಣಗಳು. ಎರಡು, ಅಂಗಡಿಯ ಬಣ್ಣ. ಈ ಬಣ್ಣ ಸಣ್ಣ ಅಣುಗಳಾಗಿ ಕೂದಲಿನೊಳಗೆ ಇಳಿದು, ಪೆರಾಕ್ಸೈಡಿನ ಸಹಾಯದಿಂದ ಒಂದಕ್ಕೊಂದು ಕೂಡಿ ದೊಡ್ಡ ಅಣುಗಳಾಗುತ್ತದೆ. ಒಳಗೆ ಬೆಳೆದುದು ಹೊರಗೆ ಬರಲಾರದು. ಇದರ ಮೇಲೆ ತಿಳಿಯಾದ ಇನ್ನೊಂದು ಬಣ್ಣವನ್ನು ಹಚ್ಚಿದರೆ ಪ್ರಯೋಜನವಿಲ್ಲ. ಕಪ್ಪು ಹಲಗೆಯ ಮೇಲೆ ಹಳದಿ ನೀರನ್ನು ಬಳಿದರೆ ಹಲಗೆ ಹಳದಿಯಾದೀತೆ?

ಅಂಗಡಿಯ ಬಣ್ಣವನ್ನು ಮಾತ್ರ ತೆಗೆಯಲು ಅಪಕರ್ಷಣದ ತತ್ತ್ವವನ್ನೇ ಅನುಸರಿಸುವ ಸಾಮಗ್ರಿಗಳಿವೆ. ಆದುದರಿಂದ ಆ ಹುಡುಗಿಯ ಊಹೆ ಮೂರ್ಖತನದ್ದಾಗಿರಲಿಲ್ಲ. ಹಾಗೆ ತೆಗೆದಾಗ ಮೂರು ಸಂಗತಿಗಳನ್ನು ನೆನಪಿಡಬೇಕು. ಮೊದಲನೆಯದಾಗಿ, ಮೆಲನಿನ್ ಅಷ್ಟಕ್ಕೇ ಜಗ್ಗುವುದಿಲ್ಲ. ಬಣ್ಣ ಹೋದರೂ ಒಳಗಿನ ಸಹಜವಾದ ಕಪ್ಪು ಉಳಿಯುತ್ತದೆ. ಎರಡನೆಯದಾಗಿ, ಸರಿಯಾಗಿ ತೊಳೆಯದಿದ್ದರೆ ಗಾಳಿಯ ಆಮ್ಲಜನಕ ತಗುಲಿ ಬಣ್ಣ ಮರಳಿ ಬರುತ್ತದೆ. ಹೈಡ್ರೋಸ್ ಹಾಕಿದ ಬೆಲ್ಲ ಕೆಲವು ತಿಂಗಳಲ್ಲಿ ಮತ್ತೆ ಕಪ್ಪಾಗುವುದನ್ನು ನೀವು ನೋಡಿರಬಹುದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಆಲೆಮನೆಯ ಹೈಡ್ರೋಸ್ ತಲೆಗೆ ಹಚ್ಚತಕ್ಕ ವಸ್ತುವಲ್ಲ. ಸ್ವಲ್ಪ ತೇವ ತಗುಲಿದರೆ ಅದು ತಾನಾಗಿಯೇ ಕಾಯುತ್ತದೆ, ಹೊತ್ತಿಕೊಳ್ಳಲೂ ಬಹುದು. ಉಸಿರು ಕಟ್ಟಿಸುವ ಗಂಧಕದ ಡೈಆಕ್ಸೈಡನ್ನು ಬಿಡುತ್ತದೆ.

ಹೀಗೆ ಹೊಂಬಣ್ಣಕ್ಕೆ ಪೆರಾಕ್ಸೈಡೇ ಗತಿಯಾಗುತ್ತದೆ. ಅದು ಮೆಲನಿನ್ನನ್ನು ಒಡೆಯುತ್ತಾ ಹೋದಂತೆ ಕೂದಲು ಕಪ್ಪಿನಿಂದ ಕೆಂಗಂದಿಗೆ, ಅಲ್ಲಿಂದ ಕಿತ್ತಳೆಗೆ, ಕೊನೆಗೆ ಹಳದಿಗೆ ಬರುತ್ತದೆ. ಈ ಕ್ರಮ ಆಕಸ್ಮಿಕವಲ್ಲ. ಮೆಲನಿನ್ ಬೆಳಕಿನ ಎಲ್ಲ ಬಣ್ಣಗಳನ್ನೂ ಹೀರುತ್ತದೆ. ಆದರೆ ನೀಲಿ ಮತ್ತು ನೇರಳೆಯನ್ನು ಹೆಚ್ಚಾಗಿ, ಕೆಂಪನ್ನು ಕಡಮೆಯಾಗಿ ಹೀರುತ್ತದೆ. ವರ್ಣಕ ಕಡಮೆಯಾದಾಗ ಮೊದಲು ತಪ್ಪಿಸಿಕೊಂಡು ಬರುವುದು ಕೆಂಪು, ನೀಲಿ ಕೊಟ್ಟಕೊನೆಗೆ. ಆದುದರಿಂದ ಕಿತ್ತಳೆ ಬಣ್ಣ ಕೆಟ್ಟ ಸಾಮಗ್ರಿಯ ಗುರುತಲ್ಲ. ಅದು ಹಾದಿಯಲ್ಲಿ ಬರುವ ಊರು. ಉಳಿದ ಹಳದಿಯನ್ನು ಮರೆಸಲು ಪೇಟೆಯವರು ನೇರಳೆ ಬಣ್ಣದ ಶಾಂಪುವನ್ನು ಬಳಸುತ್ತಾರೆ. ಬಿಳಿಯ ಪಂಚೆಯ ಹಳದಿಯನ್ನು ಮರೆಸಲು ನಮ್ಮ ತಾಯಂದಿರು ನೀಲಿ ಹಾಕಿದ ಯುಕ್ತಿಯೇ ಇದು.

ಆದರೆ ಪೆರಾಕ್ಸೈಡಿಗೆ ಮೆಲನಿನ್ ಯಾವುದು, ಕೂದಲು ಯಾವುದು ಎಂಬ ವಿವೇಕವಿಲ್ಲ. ಕೂದಲಿನ ಕೆರಟಿನ್ನಿಗೆ ಬಲವನ್ನು ಕೊಡುವುದು ಎರಡು ಗಂಧಕದ ಪರಮಾಣುಗಳ ನಡುವಣ ಬಂಧ. ಪೆರಾಕ್ಸೈಡ್ ಈ ಬಂಧಗಳನ್ನೂ ಕಡಿಯುತ್ತದೆ. ನೆತ್ತಿಯಿಂದ ಹೊರಬಂದ ಕೂದಲಿನಲ್ಲಿ ಜೀವವಿಲ್ಲ. ಗಾಯ ಮಾಯುವಂತೆ ಅದು ಮಾಯುವುದಿಲ್ಲ. ಎಣ್ಣೆ, ಮೊಟ್ಟೆ, ಮೊಸರು ಯಾವುದೂ ಕಡಿದ ಬಂಧವನ್ನು ಮತ್ತೆ ಹೆಣೆಯಲಾರದು.

ಅಗ್ಗದಲ್ಲಿ ಮಾಡಹೊರಟವರು ಎಲ್ಲಿ ತಪ್ಪುತ್ತಾರೆ? ಹಣದ ಮಿತವ್ಯಯದಲ್ಲಲ್ಲ, ಕಾಲದ ಮಿತವ್ಯಯದಲ್ಲಿ. ರಾಸಾಯನಿಕ ಕ್ರಿಯೆಯ ವೇಗ ಉಷ್ಣತೆ 10 ಡಿಗ್ರಿ ಏರಿದರೆ ಸುಮಾರು ಇಮ್ಮಡಿಯಾಗುತ್ತದೆಂಬ ಸ್ಥೂಲನಿಯಮ ನಿಮಗೆ ಗೊತ್ತಿದೆ. ನೆತ್ತಿಯ ಬಿಸಿಯಿಂದಲೇ ಬುಡದ ಕೂದಲು ತುದಿಗಿಂತ ಬೇಗ ಬಿಳುಪಾಗುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಿ ಬಿಸಿಲಿನಲ್ಲಿ ಕುಳಿತರೆ ಬಂಧಗಳ ನಾಶವೂ ಅಷ್ಟೇ ತೀವ್ರವಾಗುತ್ತದೆ. ಒಂದೇ ದಿನ ಎರಡು ಸಲ ಹಚ್ಚುವುದೂ ಇಂಥದೇ ತಪ್ಪು.

ಎರಡನೆಯ ತಪ್ಪು, ಶೀಶೆಯ ಮೇಲಿನ ಅಂಕಿಯನ್ನು ಅರಿಯದಿರುವುದು. ‘20 ವಾಲ್ಯೂಮ್’ ಎಂದರೆ ಒಂದು ಲೀಟರ್ ದ್ರವದಿಂದ 20 ಲೀಟರ್ ಆಮ್ಲಜನಕ ದೊರೆಯುತ್ತದೆಂದು ಅರ್ಥ. ಲೆಕ್ಕ ಹಾಕಿ ನೋಡಿ: 68 ಗ್ರಾಂ ಪೆರಾಕ್ಸೈಡ್ ವಿಭಜನೆಗೊಂಡರೆ 22.4 ಲೀಟರ್ ಆಮ್ಲಜನಕ. ಲೀಟರಿಗೆ 60 ಗ್ರಾಂ ಇದ್ದರೆ 19.8 ಲೀಟರ್. ಆದುದರಿಂದ 20 ವಾಲ್ಯೂಮ್ ಎಂದರೆ ಶೇಕಡ 6. 40 ವಾಲ್ಯೂಮ್ ಎಂದರೆ ಶೇಕಡ 12. ಯುರೋಪಿನ ಒಕ್ಕೂಟದ ಕಾನೂನು ಕೂದಲಿಗೆ ಬಳಸಲು ಒಪ್ಪುವ ಗರಿಷ್ಠ ಮಿತಿಯೇ ಅದು. ‘ನಲವತ್ತು ತಂದರೆ ಬೇಗ ಆಗುತ್ತದೆ’ ಎಂಬ ಅಂಗಡಿಯ ಸಲಹೆಯನ್ನು ಒಪ್ಪುವ ಮೊದಲು ಈ ಲೆಕ್ಕ ನೆನಪಿರಲಿ.

ಮೂರನೆಯದು, ಮನೆಯಲ್ಲಿರುವುದನ್ನೆಲ್ಲ ಬೆರಸುವುದು. ನೀರಿನ ತೊಟ್ಟಿಗೆ ಹಾಕುವ ಬ್ಲೀಚಿಂಗ್ ಪೌಡರು ಕೂದಲನ್ನೇ ಕರಗಿಸಬಲ್ಲದು. ಅದಕ್ಕೆ ನಿಂಬೆರಸ ಹಿಂಡಿದರೆ ವಿಷವಾದ ಕ್ಲೋರಿನ್ ಏಳುತ್ತದೆ. ಲೋಹದ ಲವಣಗಳಿರುವ ಬಣ್ಣವನ್ನೋ ಕಲಬೆರಕೆಯ ಮೆಹಂದಿಯನ್ನೋ ಹಿಂದೆ ಹಚ್ಚಿದ್ದರೆ, ಆ ಲೋಹವೇ ಪೆರಾಕ್ಸೈಡನ್ನು ರಭಸದಿಂದ ಒಡೆದು ಕೂದಲನ್ನು ಕಾಯಿಸುತ್ತದೆ. ಪ್ರಯೋಗಶಾಲೆಯಲ್ಲಿ ಮ್ಯಾಂಗನೀಸ್ ಡೈಆಕ್ಸೈಡಿನ ಚಿಟಿಕೆಯಿಂದ ಪೆರಾಕ್ಸೈಡ್ ಭುಸುಗುಟ್ಟುವುದನ್ನು ಕಂಡವರಿಗೆ ಇದರ ಅರ್ಥವಾದೀತು. ಕಲಸಲು ಲೋಹದ ಬಟ್ಟಲು ಬೇಡವೆನ್ನುವುದೂ ಇದಕ್ಕಾಗಿಯೇ.

ಹಾಗಾದರೆ ಮಾಡಬೇಕಾದುದೇನು? ಒಂದು ಕಾಸೂ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಬಾಚಣಿಗೆಯಲ್ಲಿ ಸಿಕ್ಕ ನಿಮ್ಮದೇ ಕೂದಲನ್ನು ಒಂದು ವಾರ ಕೂಡಿಡಿ. ದಾರದಿಂದ ಕಟ್ಟಿ ಎರಡು ಕುಚ್ಚುಗಳನ್ನು ಮಾಡಿ. ಒಂದನ್ನು ಹಾಗೆಯೇ ಬಿಡಿ. ಇನ್ನೊಂದಕ್ಕೆ ತಲೆಗೆ ಹಚ್ಚಬೇಕೆಂದಿರುವ ಮಿಶ್ರಣವನ್ನೇ, ಪೊಟ್ಟಣದ ಮೇಲೆ ಹೇಳಿದಷ್ಟೇ ಹೊತ್ತು, ಗಾಳಿಯಾಡುವ ಕಡೆ, ಕೈಗವಸು ತೊಟ್ಟು ಹಚ್ಚಿ ತೊಳೆಯಿರಿ. ಆಮೇಲೆ ಒಂದೊಂದು ಕುಚ್ಚಿನಿಂದ ಐದೈದು ಎಳೆಗಳನ್ನು ತೆಗೆದು, ಒದ್ದೆಯಾಗಿರುವಾಗಲೇ ಒಂದೊಂದಾಗಿ ಮೊಳೆಗೆ ಅಂಟಿಸಿ, ಕೆಳತುದಿಗೆ ಕಾಗದದ ಲೋಟವನ್ನು ತೂಗಹಾಕಿ, ಸಿರಿಂಜಿನಿಂದ ನೀರು ತುಂಬುತ್ತಾ ಬನ್ನಿ. ಒಂದು ಮಿಲಿಲೀಟರ್ ನೀರು ಒಂದು ಗ್ರಾಂ. ಎಳೆ ಎಷ್ಟು ಗ್ರಾಮಿಗೆ ಹರಿಯಿತು, ಹರಿಯುವ ಮೊದಲು ಎಷ್ಟು ಉದ್ದವಾಯಿತು, ಬರೆದಿಡಿ. ಒಳ್ಳೆಯ ಒಣ ಕೂದಲಿನ ಒಂದು ಎಳೆ ಸಾಮಾನ್ಯವಾಗಿ 50ರಿಂದ 100 ಗ್ರಾಮಿನಷ್ಟು ಭಾರವನ್ನು ತಡೆಯುತ್ತದೆ. ಒದ್ದೆಯಾದುದು ಅದಕ್ಕಿಂತ ಸ್ವಲ್ಪ ಕಡಮೆ. ಬಿಳುಪಾದುದು ರಬ್ಬರಿನಂತೆ ಎಳೆದುಕೊಂಡು ಹರಿಯುತ್ತಿದ್ದರೆ ನಿಮಗೆ ಉತ್ತರ ದೊರೆಯಿತೆಂದು ತಿಳಿಯಿರಿ. ಇದರೊಡನೆ, ಕಿವಿಯ ಹಿಂದೆ ಮಿಶ್ರಣದ ಒಂದು ತೊಟ್ಟನ್ನು ಹಚ್ಚಿ ತೊಳೆದು 48 ಗಂಟೆ ಕಾದು ನೋಡುವುದೂ ಅಗತ್ಯ. ಪರ್‌ಸಲ್ಫೇಟುಗಳು ಕೆಲವರಿಗೆ ತುರಿಕೆಯನ್ನೂ ಉಬ್ಬಸವನ್ನೂ ತರುತ್ತವೆ.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಕಪ್ಪು ಬಣ್ಣ ಹಚ್ಚಿದ ನಮ್ಮ ಕೂದಲನ್ನು ಮನೆಯಲ್ಲಿ, ಅಲ್ಪ ಹಣದಲ್ಲಿ, ತಿಳಿಯಾದ ಹೊಂಬಣ್ಣದವರೆಗೆ ಒಯ್ಯುವುದು ವಿವೇಕವಲ್ಲ. ಎರಡು ಕತ್ತಲೆಗಳನ್ನು ತೆಗೆಯುವಷ್ಟರಲ್ಲಿ ಕೂದಲಿನ ಸತ್ತ್ವ ಮುಗಿದಿರುತ್ತದೆ. ತಾಮ್ರದ ಕಂದಿನಲ್ಲಿ ನಿಲ್ಲುವುದು, ಅಥವಾ ನೆತ್ತಿಗೆ ತಗುಲದಂತೆ ನಾಲ್ಕಾರು ಎಳೆಗಳನ್ನು ಮಾತ್ರ ತಿಳಿಯಾಗಿಸುವುದು, ಇಲ್ಲವೆ ಬಣ್ಣ ಹಚ್ಚುವುದನ್ನು ನಿಲ್ಲಿಸಿ ಕಾಯುವುದು, ಇವು ಬಡವರಿಗೆ ಎಟುಕುವ ಮಾರ್ಗಗಳು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಕಾಯುವುದಕ್ಕೆ ಹಣ ಬೇಕಾಗಿಲ್ಲ.

ಆದರೆ ಇದು ನೀತಿಯ ಪ್ರಶ್ನೆಯಲ್ಲ. ಹೊಂಬಣ್ಣದ ಕೂದಲನ್ನು ಬಯಸಿದ ಮಾತ್ರಕ್ಕೆ ಹುಡುಗಿಯಾಗಲಿ ಹುಡುಗನಾಗಲಿ ಕೆಟ್ಟುಹೋದಂತಲ್ಲ. ಹೊಂಬಣ್ಣದ ಬೆಲ್ಲವನ್ನೇ ಆರಿಸಿ ಕೊಳ್ಳುವ ನಾವು ಅವರನ್ನು ಗದರಿಸುವುದು ನ್ಯಾಯವೂ ಅಲ್ಲ. ಗದರಿಸಿದರೆ ಅವರು ಬಿಡುವುದಿಲ್ಲ. ಬಾಗಿಲು ಹಾಕಿಕೊಂಡು ಮಾಡುತ್ತಾರೆ. ನನ್ನ ನಗುವಿನಿಂದ ಆದದ್ದು ಇಷ್ಟೇ. ಅಂದು ನಾನು ಐದು ನಿಮಿಷ ವ್ಯಯಮಾಡಿ ಉಷ್ಣತೆಯ ವಿಷಯವೊಂದನ್ನು ಹೇಳಿದ್ದರೂ ಆಕೆ ಬಿಸಿಲಿನಲ್ಲಿ ಕೂರುತ್ತಿರಲಿಲ್ಲ.

ವಿದ್ಯಾರ್ಥಿಮಿತ್ರರೆ, ನಿಮ್ಮ ಉಪಾಧ್ಯಾಯರು ನಕ್ಕರೂ ಪ್ರಶ್ನೆಯನ್ನು ಬಿಡಬೇಡಿ. ಎರಡನೆಯ ಸಲ ಕೇಳಿ. ಉಪಾಧ್ಯಾಯಮಿತ್ರರಲ್ಲಿ ನನ್ನ ವಿನಂತಿ ಇನ್ನೂ ಚಿಕ್ಕದು: ಮೊದಲನೆಯ ಸಲವೇ ಉತ್ತರ ಕೊಡಿ. ಆ ವಿದ್ಯಾರ್ಥಿನಿಯ ಕೂದಲು ಈಗ ಕಿವಿಯನ್ನು ದಾಟಿ ಬೆಳೆದಿದೆ. ನಡುವೆ ಅಲ್ಲಲ್ಲಿ ನರೆ ಕಾಣುತ್ತದೆ. ಆಕೆ ಅದಕ್ಕೆ ಏನನ್ನೂ ಹಚ್ಚಿಲ್ಲ. ಮುಂದೆ ಹಚ್ಚುವಳೋ ಇಲ್ಲವೋ ಅದು ಆಕೆಗೆ ಬಿಟ್ಟದ್ದು. ನೀರಿನ ಲೋಟದ ಪ್ರಯೋಗವನ್ನು ಮಾತ್ರ ಈ ವರ್ಷ ನಮ್ಮ ಪ್ರಯೋಗಶಾಲೆಯಲ್ಲಿ ಮೊದಲು ಮಾಡಿ ತೋರಿಸಿದವಳು ಆಕೆಯೇ.